ಬಾನೆಟ್ ಮೇಲಿನ ಲ್ಯಾಕರ್ ಸಿಪ್ಪೆ ಎದ್ದರೆ: ಮಲೆನಾಡಿನ ಕಾರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಸಿಲ್ವರ್ ಬಣ್ಣದ ಹಳೇ ಕಾರಿನ ಬಾನೆಟ್ ಮೇಲೆ ಮೊದಲು ಕಂಡಿದ್ದು ನಾಣ್ಯದಗಲದ ಒಂದು ಬಿಳಿ ಮಚ್ಚೆ. ಹಕ್ಕಿ ಹಿಕ್ಕೆಯ ಗುರುತು ಇರಬೇಕು ಅಂತ ಅಪ್ಪಯ್ಯ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹೋಗಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಅಂಗೈ ಅಗಲವಾಯಿತು. ಅಂಚಿಗೆ ಉಗುರು ತಾಗಿಸಿದರೆ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಎದ್ದು ಬರುತ್ತಿತ್ತು.

ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಪೇಟೆ ಬೀದಿಯಲ್ಲಿ ಐದು ನಿಮಿಷ ನಿಂತು ನೋಡಿ. ವಯಸ್ಸಾದ ಎಷ್ಟೋ ಕಾರುಗಳಿಗೆ ಈ ಕಾಯಿಲೆ ಇದೆ. ಟಾಪ್, ಬಾನೆಟ್, ಡಿಕ್ಕಿಯ ಮೇಲ್ಭಾಗ. ಬಾಗಿಲುಗಳು ಮಾತ್ರ ಚೆನ್ನಾಗಿಯೇ ಇರುತ್ತವೆ. ಇಂಜಿನ್ ಗಟ್ಟಿ ಇರುವ ಕಾರನ್ನು ಮೈ ಕೆಟ್ಟಿದೆ ಅಂತ ಕಡಿಮೆ ಬೆಲೆಗೆ ಕೊಟ್ಟುಬಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಇದನ್ನು ಸರಿ ಮಾಡಬಹುದು. ಬಹುಪಾಲು ಕೆಲಸ ಮನೆಯಂಗಳದಲ್ಲೇ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎದ್ದ ಲ್ಯಾಕರ್, ಅಂದರೆ ಬಣ್ಣದ ಮೇಲಿನ ಹೊಳಪಿನ ಪದರ, ಮತ್ತೆ ಅಂಟುವುದಿಲ್ಲ. ಪಾಲಿಶ್ ಹಾಕಿದರೂ ಇಲ್ಲ, ವ್ಯಾಕ್ಸ್ ಹಾಕಿದರೂ ಇಲ್ಲ. ಲ್ಯಾಕರ್ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿರುವ ಜಾಗ ಎಲ್ಲಿದೆಯೋ ಅಲ್ಲಿಯವರೆಗೆ ಉಜ್ಜಿಕೊಂಡು ಹೋಗಬೇಕು. ಅಲ್ಲಿಂದ ಹೊಸದಾಗಿ ಪದರ ಕಟ್ಟಿಕೊಂಡು ಬರಬೇಕು. ಈ ಕೆಲಸ ನಿಲ್ಲುವುದು ಬೀಳುವುದು ಆ ಗಡಿಯನ್ನು ಎಷ್ಟು ಸರಿಯಾಗಿ ಹುಡುಕಿದಿರಿ ಅನ್ನುವುದರ ಮೇಲೆ.

ಕಿತ್ತು ಬರುತ್ತಿರುವುದು ಯಾವುದು?

ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತವೆ. ಎಲ್ಲಕ್ಕಿಂತ ಕೆಳಗೆ, ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ಕೂರಿಸಿದ ತುಕ್ಕು ತಡೆಯುವ ಪದರ. ಅದರ ಮೇಲೆ ಪ್ರೈಮರ್. ಆಮೇಲೆ ಬಣ್ಣ, ಅಂದರೆ ಬೇಸ್ ಕೋಟ್. ಕೊನೆಗೆ ಬಣ್ಣವಿಲ್ಲದ ಹೊಳಪಿನ ಪದರ. ಇದನ್ನೇ ಗ್ಯಾರೇಜಿನಲ್ಲಿ ಕ್ಲಿಯರ್ ಅಥವಾ ಲ್ಯಾಕರ್ ಅನ್ನುತ್ತಾರೆ. ಬಣ್ಣದ ಪದರ ಸುಮಾರು 15 ಮೈಕ್ರಾನ್, ಕ್ಲಿಯರ್ ಸುಮಾರು 40 ಮೈಕ್ರಾನ್. ಎಲ್ಲಾ ಸೇರಿದರೂ 100ರಿಂದ 150 ಮೈಕ್ರಾನ್ ಅಷ್ಟೇ. ಒಂದು ಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಕಾರಿನ ಇಡೀ ಬಣ್ಣ ಎರಡು ಕೂದಲಿನಷ್ಟು ದಪ್ಪ. ಉಜ್ಜುವಾಗ ಈ ಲೆಕ್ಕ ನೆನಪಿರಲಿ.

ಕ್ಲಿಯರ್‌ನಲ್ಲಿ ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿಕೊಳ್ಳುವ ರಾಸಾಯನಿಕ ಸೇರಿಸಿರುತ್ತಾರೆ. ವರ್ಷಗಳು ಕಳೆದ ಹಾಗೆ ಅದು ಖರ್ಚಾಗುತ್ತದೆ. ಆಗ ಕಿರಣ ಕ್ಲಿಯರನ್ನು ದಾಟಿ ಬಣ್ಣದ ಮೇಲ್ಮೈಗೆ ತಾಗುತ್ತದೆ. ಎರಡರ ನಡುವಿನ ಹಿಡಿತ ಸಡಿಲವಾಗುತ್ತದೆ. ಎಲ್ಲೋ ಒಂದು ಕಡೆ ಕಲ್ಲು ಸಿಡಿದು ಸೀಳು ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ. ಬಿಸಿಲಿಗೆ ಕ್ಲಿಯರ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಅಂಚು ಏಳುತ್ತಾ ಹೋಗುತ್ತದೆ.

ನಮ್ಮ ಕಡೆ ಇದಕ್ಕೆ ಬೇರೆ ಕಾರಣಗಳೂ ಸೇರುತ್ತವೆ. ಹಲಸಿನ ಮರದಡಿ ಕಾರು ನಿಲ್ಲಿಸಿದರೆ ಮೇಣ ಬೀಳುತ್ತದೆ. ಮಾವಿನ ಸೊನೆ, ಬಾವಲಿ ಹಿಕ್ಕೆ ತಕ್ಷಣ ತೊಳೆಯದಿದ್ದರೆ ಕ್ಲಿಯರನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುತ್ತೇವೆ. ಅದು ಮೈಲುತುತ್ತ ಮತ್ತು ಸುಣ್ಣದ ನೀರು. ಗಾಳಿಗೆ ತೇಲಿ ಬಂದು ಬಾನೆಟ್ ಮೇಲೆ ಕೂತು ಒಣಗಿದರೆ ಕಲೆ ಕಟ್ಟುತ್ತದೆ. ಅದನ್ನು ತೆಗೆಯಲು ಒಣ ಬಟ್ಟೆಯಲ್ಲಿ ಬಲವಾಗಿ ಉಜ್ಜುತ್ತೇವೆ. ಕೆಮ್ಮಣ್ಣಿನ ದೂಳೂ ಜೊತೆಗಿರುತ್ತದೆ. ಹೀಗೆ ಉಜ್ಜಿದಷ್ಟೂ ಕ್ಲಿಯರ್ ತೆಳ್ಳಗಾಗುತ್ತದೆ. ಪ್ರತಿ ವರ್ಷ ಆಯುಧ ಪೂಜೆಗೆ ಮುಂಚೆ ರಬ್ಬಿಂಗ್ ಕಾಂಪೌಂಡ್ ಹಾಕಿ ಮಿಂಚಿಸುವ ಅಭ್ಯಾಸವೂ ಅಷ್ಟೇ. ಪ್ರತಿ ಸಲ ಒಂದಿಷ್ಟು ಕ್ಲಿಯರ್ ಹೋಗುತ್ತದೆ.

ಇನ್ನೊಂದು ಬಗೆ ಇದೆ. ಮೊದಲೇ ಒಮ್ಮೆ ಪೇಂಟ್ ಮಾಡಿಸಿದ ಜಾಗದಿಂದ ಕ್ಲಿಯರ್ ಅಗಲ ಹಾಳೆಯ ಹಾಗೆ ಕಿತ್ತು ಬರುವುದು. ಇದು ಬಿಸಿಲಿನ ತಪ್ಪಲ್ಲ. ಹಳೇ ಮೇಲ್ಮೈಯನ್ನು ಉಜ್ಜದೆ, ಎಣ್ಣೆ ಪಸೆ ತೆಗೆಯದೆ ಹೊಡೆದದ್ದು. ನಮ್ಮ ಕಾರಿನ ಮುಂದಿನ ಬಂಪರ್‌ಗೆ ಹಾಗೇ ಆಗಿತ್ತು. ಇಂಥದ್ದಕ್ಕೆ ತೇಪೆ ಬೇಡ. ಆ ಭಾಗದ ಕ್ಲಿಯರ್ ಪೂರ್ತಿ ತೆಗೆಯಲೇಬೇಕು.

ಮೊದಲು ಎರಡು ಪರೀಕ್ಷೆ

ಮರೆಯಾದ ಜಾಗದಲ್ಲಿ ಬಿಳಿ ಬಟ್ಟೆಗೆ (ಕಾರೇ ಬಿಳಿಯಾದರೆ ಕಪ್ಪು ಬಟ್ಟೆಗೆ) ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿ ಕ್ಲಿಯರ್ ಇಲ್ಲ. ಹಳೇ ಬಿಳಿ, ಕೆಂಪು ಕಾರುಗಳಲ್ಲಿ ಹೀಗೆ ಒಂದೇ ಪದರದ ಬಣ್ಣ ಇರುವುದುಂಟು. ಅವು ಮಂಕಾಗುತ್ತವೆ, ಪುಡಿ ಬಿಡುತ್ತವೆ, ಆದರೆ ಹೀಗೆ ಸಿಪ್ಪೆ ಏಳುವುದಿಲ್ಲ. ಅದಕ್ಕೆ ಕಾಂಪೌಂಡ್, ಪಾಲಿಶ್ ಸಾಕಾಗಬಹುದು. ಬಣ್ಣ ಹತ್ತದಿದ್ದರೆ ಕ್ಲಿಯರ್ ಇದೆ ಅಂತ ಅರ್ಥ.

ಎರಡನೆಯದು ಟೇಪ್ ಪರೀಕ್ಷೆ. ಪ್ಯಾಕಿಂಗ್ ಟೇಪನ್ನು ಎದ್ದ ಅಂಚಿನ ಮೇಲೆ ಒತ್ತಿ ಅಂಟಿಸಿ, ಥಟ್ಟನೆ ಎಳೆಯಿರಿ. ಎಷ್ಟು ದೂರ ಕಿತ್ತು ಬರುತ್ತದೆ ನೋಡಿ. ಬೆರಳಗಲ ಬಂದು ನಿಂತರೆ ಸುತ್ತಲಿನ ಕ್ಲಿಯರ್ ಇನ್ನೂ ಗಟ್ಟಿ. ಎಳೆದ ಕಡೆಯೆಲ್ಲಾ ಬಂದರೆ ಇಡೀ ಭಾಗದ ಹಿಡಿತ ಹೋಗಿದೆ.

ಯಾವ ಕಾಲದಲ್ಲಿ?

ಬೇರೆ ಊರಿನವರು ಹೇಳಿಕೊಡುವ ಕ್ರಮವನ್ನು ಇಲ್ಲಿ ಹಾಗೇ ಮಾಡಲು ಆಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಸುತ್ತಲಿನ ಊರುಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಸರಿಯಾಗಿ ಒಣಗುವುದಿಲ್ಲ, ಅಲ್ವಾ? ಲ್ಯಾಕರ್‌ಗೆ ಬೇಕಾದ ಹದ ಆಗ ಸಿಗುವುದಿಲ್ಲ.

ನಾನು ಮೊದಲ ಸಲ ಇದನ್ನು ಸೆಪ್ಟೆಂಬರಿನಲ್ಲಿ ಮಾಡಿದೆ. ಎರಡು ದಿನ ಮಳೆ ಬಿಡುವು ಕೊಟ್ಟಿತ್ತು. ಬಿಸಿಲೂ ಇತ್ತು. ಸಂಜೆ ನಾಲ್ಕಕ್ಕೆ ಕ್ಲಿಯರ್ ಹೊಡೆದೆ. ನೋಡುತ್ತಿದ್ದ ಹಾಗೆ ಅದು ನೀರು ಬೆರೆಸಿದ ಹಾಲಿನ ಹಾಗೆ ಬೆಳ್ಳಗಾಯಿತು. ಮೂರು ದಿನದ ಕೆಲಸ ಪೂರ್ತಿ ಉಜ್ಜಿ ತೆಗೆಯಬೇಕಾಯಿತು. ಕಾರಣ ಆಮೇಲೆ ತಿಳಿಯಿತು. ಥಿನ್ನರ್ ಆರುವಾಗ ಮೇಲ್ಮೈಯಿಂದ ಶಾಖ ಎಳೆದುಕೊಳ್ಳುತ್ತದೆ. ತಗಡು ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಹಸಿ ಲ್ಯಾಕರ್ ಮೇಲೆ ಇಬ್ಬನಿಯಾಗಿ ಕೂತುಬಿಡುತ್ತದೆ.

ಹಾಗಾಗಿ ಫೆಬ್ರುವರಿ, ಮಾರ್ಚ್ ನಮಗೆ ಒಳ್ಳೆಯ ತಿಂಗಳುಗಳು. ಡಿಸೆಂಬರ್, ಜನವರಿಯಲ್ಲೂ ಮಾಡಬಹುದು, ಆದರೆ ಮಂಜು ಪೂರ್ತಿ ಕರಗಿದ ಮೇಲೆ. ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ಸರಿಯಾದ ಹೊತ್ತು. ತಗಡು 20ರಿಂದ 30 ಡಿಗ್ರಿ ಇರಬೇಕು, ಗಾಳಿಯ ತೇವಾಂಶ ಶೇಕಡ 65ರೊಳಗೆ ಇದ್ದರೆ ನೆಮ್ಮದಿ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಬಾನೆಟ್ ಕೈ ಇಡಲಾಗದಷ್ಟು ಕಾದಿರುತ್ತದೆ. ಆಗ ಲ್ಯಾಕರ್ ಹರಡುವ ಮೊದಲೇ ಒಣಗಿ ಒರಟಾಗುತ್ತದೆ. ಕಾರು ನೆರಳಿನಲ್ಲಿ ಇರಲಿ.

ನಾನು ಮಾಡುವ ಸುಲಭದ ಪರೀಕ್ಷೆ ಹೀಗೆ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ತಗಡಿನ ಮೇಲೆ ಒಮ್ಮೆ ಎಳೆಯುತ್ತೇನೆ. ಆ ತೇವ ಕಾಲು ಗಂಟೆಯೊಳಗೆ ತಾನಾಗಿ ಆರದಿದ್ದರೆ ಅವತ್ತು ಸ್ಪ್ರೇ ಮಾಡುವುದಿಲ್ಲ.

ಉಸಿರಿನ ವಿಷಯ

ಇದನ್ನು ಓದದೆ ಮುಂದೆ ಹೋಗಬೇಡಿ. ಗಟ್ಟಿಯಾಗಿ ಬಾಳುವುದು ಹಾರ್ಡ್‌ನರ್, ಅಂದರೆ ಗಟ್ಟಿಯಾಗಿಸುವ ದ್ರವ, ಬೆರೆಸುವ ಕ್ಲಿಯರ್. ಅಂಗಡಿಯಲ್ಲಿ 2ಕೆ ಕ್ಲಿಯರ್ ಅಂತ ಕೇಳಿದರೆ ಕೊಡುತ್ತಾರೆ. ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡಿದಾಗ ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ಮೈಗೆ ಒಗ್ಗದೇ ಹೋದರೆ ಮುಂದೆ ತೀರಾ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಅಪಾಯ ಆಗುವಷ್ಟು ಇದ್ದಾಗಲೂ ಅದರ ವಾಸನೆ ಗೊತ್ತಾಗದೇ ಇರಬಹುದು. ಬಟ್ಟೆ ಕಟ್ಟಿಕೊಂಡರೆ, ಸಾಮಾನ್ಯ ದೂಳಿನ ಮಾಸ್ಕ್ ಹಾಕಿದರೆ ಏನೂ ಪ್ರಯೋಜನವಿಲ್ಲ. ಇದಕ್ಕೆ ಸರಿಯಾದದ್ದು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕ್.

ಅದಕ್ಕೇ ನನ್ನ ಸಲಹೆ ಸ್ಪಷ್ಟ. ಉಜ್ಜುವುದು, ಅಂಚು ಸಪಾಟು ಮಾಡುವುದು, ಮಾಸ್ಕಿಂಗ್ (ಬಣ್ಣ ಬೀಳಬಾರದ ಕಡೆ ಮುಚ್ಚುವುದು) ಎಲ್ಲಾ ನೀವು ಮಾಡಿ. 2ಕೆ ಕ್ಲಿಯರ್ ಹೊಡೆಯುವುದನ್ನು ಬೂತ್ (ಸ್ಪ್ರೇ ಮಾಡಲೆಂದೇ ಇರುವ ಮುಚ್ಚಿದ ಕೋಣೆ) ಇರುವ ಪೇಂಟರ್ ಕೈಗೆ ಕೊಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ. ಬಿಚ್ಚಿದ ಬಾನೆಟನ್ನು ಮಾತ್ರ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಬಹುದು. ಬೂತಿನಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಕೊಟ್ಟರೆ ಮನೆಯಲ್ಲಿ ದಿನಗಟ್ಟಲೆ ಕಾದು ಬರುವ ಗಟ್ಟಿತನ ಬೇಗ ಬರುತ್ತದೆ. ಹೆಚ್ಚು ದಿನದ ಕೆಲಸ ನಿಮ್ಮದು, ಕೊನೆಯ ಒಂದು ಗಂಟೆ ಅವರದು.

ಕನ್ನಡಿಯ ಕವಚ, ಬಾಗಿಲ ಹಿಡಿಕೆಯಂಥ ಸಣ್ಣ ಜಾಗಕ್ಕೆ ಹಾರ್ಡ್‌ನರ್ ಇಲ್ಲದ ಸ್ಪ್ರೇ ಕ್ಯಾನ್ ಸಾಕು. ಅದಕ್ಕೂ ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ಕನ್ನಡಕ, ಕೈಗವಸು ಬೇಕು. ತೆರೆದ ಜಾಗದಲ್ಲೇ ಮಾಡಿ. ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಎಚ್ಚರ. ಥಿನ್ನರ್ ಆವಿ ನೆಲ ಹಿಡಿದು ದೂರ ಹರಿಯುತ್ತದೆ, ಬೆಂಕಿ ಹತ್ತುತ್ತದೆ. ಬಚ್ಚಲ ಒಲೆ ಉರಿಯುತ್ತಿದ್ದರೆ ಮೊದಲು ಆರಿಸಿ. ಅಡಿಕೆ ಬೇಯಿಸುವ ಒಲೆ ಹತ್ತಿರವಿದ್ದರೆ ಆ ದಿನ ಬೇಡವೇ ಬೇಡ.

ಬೇಕಾದ ಸಾಮಾನು

ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, 600, 800, 1000, 1500, 2000 ನಂಬರಿನವು (ನಂಬರ್ ಹೆಚ್ಚಿದಷ್ಟೂ ನುಣುಪು). ರಬ್ಬರ್ ಬ್ಲಾಕ್. ಸ್ಕಾಚ್ ಬ್ರೈಟ್‌ನ ಬೂದು ಬಣ್ಣದ ಪ್ಯಾಡ್. ಮಾಸ್ಕಿಂಗ್ ಟೇಪ್, ದಪ್ಪ ಕಾಗದ. ವ್ಯಾಕ್ಸ್ ಮತ್ತು ಗ್ರೀಸ್ ರಿಮೂವರ್. ಟ್ಯಾಕ್ ಬಟ್ಟೆ, ಅಂದರೆ ದೂಳು ಎತ್ತಿಕೊಳ್ಳುವ ಅಂಟಂಟು ಬಟ್ಟೆ. ಪ್ರೈಮರ್, ಬೇಸ್ ಕೋಟ್, ಕ್ಲಿಯರ್, ಅವಕ್ಕೆ ಹೊಂದುವ ಹಾರ್ಡ್‌ನರ್ ಮತ್ತು ಥಿನ್ನರ್.

ಥಿನ್ನರ್ ವಿಷಯದಲ್ಲಿ ಅಂಗಡಿಯವರು ಅವಸರದಲ್ಲಿ ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಬಳಸುವುದು) ಕೊಟ್ಟುಬಿಡಬಹುದು. ಅದು ಅಗ್ಗ. 2ಕೆ ಕ್ಲಿಯರ್‌ಗೆ ಅದು ಆಗದು. ಎನ್‌ಸಿ ಥಿನ್ನರ್‌ನಲ್ಲಿ ಆಲ್ಕೋಹಾಲ್ ಬೆರೆತಿರುತ್ತದೆ, ಅದು ಹಾರ್ಡ್‌ನರ್ ಜೊತೆ ಸೇರಿ ಅದರ ಬಲ ಕಡಿಮೆ ಮಾಡುತ್ತದೆ. ಪಿಯು (ಪಾಲಿಯುರೆಥೇನ್) ಥಿನ್ನರ್ ಕೇಳಿ ತನ್ನಿ. ನಿಧಾನವಾಗಿ ಆರುವ ಬಗೆ ಸಿಕ್ಕರೆ ನಮ್ಮ ಹವೆಗೆ ಇನ್ನೂ ಒಳ್ಳೆಯದು. ಬೆಳ್ಳಗಾಗುವ ತೊಂದರೆ ಕಡಿಮೆಯಾಗುತ್ತದೆ.

ಬಣ್ಣದ ಕೋಡ್ ಸಾಮಾನ್ಯವಾಗಿ ಬಾನೆಟ್ ಒಳಗಿನ ತಟ್ಟೆಯಲ್ಲಿ ಅಥವಾ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್ ಮೇಲೆ ಇರುತ್ತದೆ. ಆದರೆ ಹಳೇ ಕಾರು ಬಿಸಿಲಿಗೆ ಮಾಸಿರುತ್ತದೆ. ಬರೀ ಕೋಡ್ ನಂಬಿದರೆ ಹೊಸ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಪೆಟ್ರೋಲ್ ಟ್ಯಾಂಕಿನ ಹೊರಗಿನ ಬಣ್ಣದ ಮುಚ್ಚಳ ಬಿಚ್ಚಿಕೊಂಡು ಬಣ್ಣ ಬೆರೆಸುವ ಅಂಗಡಿಗೆ ಹೋಗಿ. ಬೆರೆಸಿದ್ದನ್ನು ಒಂದು ರಟ್ಟಿನ ಮೇಲೆ ಹೊಡೆಸಿ, ಕ್ಲಿಯರ್ ಹಾಕಿಸಿ, ಹೊರಗೆ ಬೆಳಕಿಗೆ ತಂದು ಹೋಲಿಸಿ. ಟ್ಯೂಬ್‌ಲೈಟ್ ಕೆಳಗೆ ಒಪ್ಪಿಕೊಳ್ಳಬೇಡಿ.

ತೊಳೆಯುವುದು

ಕಾರ್ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಗಾಜಿನ ಬೀಡಿಂಗ್ ಸಂದಿಯಲ್ಲಿ ಪಾಚಿ ಇರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಿರಿ. ಒಣಗಿದ ಮೇಲೆ ಗ್ರೀಸ್ ರಿಮೂವರ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಕೊಳ್ಳಿ. ಒಂದೇ ಬಟ್ಟೆಯಲ್ಲಿ ಮತ್ತೆ ಮತ್ತೆ ಒರೆಸಿದರೆ ಎಣ್ಣೆ ಅಲ್ಲಿಂದ ಇಲ್ಲಿಗೆ ಹರಡುತ್ತದೆ ಅಷ್ಟೇ. ಪೆಟ್ರೋಲ್‌ನಲ್ಲಿ ಒರೆಸುವುದು ಬೇಡ. ಅದರ ಪಸೆ ಉಳಿಯುತ್ತದೆ.

ಈ ಕೆಲಸ ಉಜ್ಜುವ ಮುಂಚೆ ಆಗಬೇಕು. ಇಲ್ಲದಿದ್ದರೆ ವ್ಯಾಕ್ಸ್, ಸಿಲಿಕಾನ್ ಎಲ್ಲಾ ಗೀರುಗಳ ಒಳಗೆ ಸೇರಿಕೊಳ್ಳುತ್ತದೆ. ಆಮೇಲೆ ಬಣ್ಣ ಹೊಡೆದಾಗ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್‌ಗಳಲ್ಲಿ ಸಿಲಿಕಾನ್ ಇರುವುದೇ ಜಾಸ್ತಿ. ಆ ವಾರ ಅವನ್ನು ಅಂಗಳಕ್ಕೇ ತರಬೇಡಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಿ ತಗಡು ಮುಟ್ಟಿದರೂ ಅದೇ ಗತಿ.

ಗಡಿ ಹುಡುಕುವುದು

ಇಲ್ಲಿ ಅರ್ಧ ದಿನ ಹೋದರೂ ಪರವಾಗಿಲ್ಲ. ಅವಸರ ಬೇಡ.

ಮೊದಲು ಸಡಿಲವಾದ ಸಿಪ್ಪೆಯನ್ನೆಲ್ಲಾ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎಬ್ಬಿಸಿ. ಬ್ಲೇಡ್ ಬೇಡ, ಬಣ್ಣ ಸೀಳುತ್ತದೆ. ಸ್ಕ್ರೇಪರ್‌ಗೆ ಬರುವುದು ನಿಂತ ಮೇಲೆ ಟೇಪ್ ಹಾಕಿ ಎಳೆಯಿರಿ. ಟೇಪ್ ಬರಿದಾಗಿ ಬರುವ ತನಕ ಸುತ್ತಲೂ ಮಾಡಿ. ಅಷ್ಟಾದರೂ ಗಡಿ ಸಿಕ್ಕಿತು ಅಂದುಕೊಳ್ಳಬೇಡಿ. ಅಂಚಿನ ಪಕ್ಕ ಅಡ್ಡ ಬೆಳಕಿನಲ್ಲಿ ನೋಡಿದರೆ ಸ್ವಲ್ಪ ಬೆಳ್ಳಗೆ, ಮಬ್ಬಾಗಿ ಕಾಣುವ ಪಟ್ಟಿ ಇರುತ್ತದೆ. ಅಲ್ಲಿ ಕ್ಲಿಯರ್ ಇನ್ನೂ ಎದ್ದಿಲ್ಲ, ಆದರೆ ಹಿಡಿತ ಬಿಟ್ಟಿದೆ. ಅದೂ ಹೋಗಬೇಕು. ಅದನ್ನು ಹಾಗೇ ಬಿಟ್ಟರೆ ಹೊಸ ಕ್ಲಿಯರ್ ಅದರ ಮೇಲೆ ಕೂತಿರುತ್ತದೆ. ಒಂದೆರಡು ವರ್ಷದಲ್ಲಿ ಹಳೆಯದು ಹೊಸದನ್ನೂ ಎತ್ತಿಕೊಂಡು ಬರುತ್ತದೆ.

ಈಗ ಬ್ಲಾಕ್‌ಗೆ 600 ನಂಬರ್ ಪೇಪರ್ ಸುತ್ತಿ, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಅಂಚಿನಿಂದ ಹೊರಗಡೆಗೆ ಉಜ್ಜಿ. ಬರಿ ಬೆರಳಿನಲ್ಲಿ ಒತ್ತಿ ಉಜ್ಜಿದರೆ ಬೆರಳಿನಗಲದ ತೋಡು ಬೀಳುತ್ತದೆ, ಹೊಳಪು ಬಂದ ಮೇಲೆ ಅದು ಎದ್ದು ಕಾಣುತ್ತದೆ. ಹಾಗಾಗಿ ಬ್ಲಾಕ್ ಬೇಕೇ ಬೇಕು. ಉಜ್ಜಿದಾಗ ಬರುವ ನೀರು ಹಾಲಿನ ಬಿಳುಪಿದ್ದರೆ ಕ್ಲಿಯರ್ ಹೋಗುತ್ತಿದೆ. ಕಾರಿನ ಬಣ್ಣ ಬಂದರೆ ಬೇಸ್ ಕೋಟ್. ಬೇರೆ ಬೂದು ಬಣ್ಣ ಕಂಡರೆ ಪ್ರೈಮರ್ ತಲುಪಿದಿರಿ. ಬಿಳಿ, ಸಿಲ್ವರ್ ಕಾರುಗಳಲ್ಲಿ ಈ ವ್ಯತ್ಯಾಸ ಬೇಗ ಗೊತ್ತಾಗುವುದಿಲ್ಲ. ಆಗಾಗ ನಿಲ್ಲಿಸಿ ಒರೆಸಿ ನೋಡಿ.

ಒಳ್ಳೆಯ ಅಂಚು ಅಂದರೆ ಎತ್ತರದಿಂದ ತಗ್ಗಿಗೆ ಮೆಟ್ಟಿಲೇ ಇಲ್ಲದ ಇಳಿಜಾರು. ಒಂದು ಪದರದಿಂದ ಇನ್ನೊಂದಕ್ಕೆ ಕನಿಷ್ಠ ಎರಡು ಬೆರಳಗಲ ಇಳಿಜಾರು ಇರಲಿ. ಒದ್ದೆ ಇದ್ದಾಗ ಎಲ್ಲಾ ಸರಿಯಾಗಿದೆ ಅನ್ನಿಸುತ್ತದೆ, ನೀರು ದೋಷ ಮುಚ್ಚುತ್ತದೆ. ಪೂರ್ತಿ ಒಣಗಿಸಿ. ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಅಂಚಿನ ಮೇಲೆ ನಿಧಾನ ಸವರಿ. ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ಸಿಗುತ್ತದೆ. ಸಿಕ್ಕರೆ ಮತ್ತೆ ಉಜ್ಜಿ. ಸಿಗದಿದ್ದರೆ 800ರಲ್ಲಿ ಒಮ್ಮೆ ಎಳೆದು ಮುಗಿಸಿ.

ಮಧ್ಯದಲ್ಲಿ ತಗಡು ಹೊಳೆದು ಕಂಡರೆ ಅಲ್ಲಿಗೆ ನೀರು ನಿಲ್ಲಿಸಿ, ಒಣ ಪೇಪರ್ ಬಳಸಿ. ನಮ್ಮ ಹವೆಯಲ್ಲಿ ಬರಿಯ ತಗಡು ಒಂದು ರಾತ್ರಿಯಲ್ಲೇ ಕೆಂಪು ಕಟ್ಟುತ್ತದೆ. ಅದೇ ದಿನ ಪ್ರೈಮರ್ ಬೀಳಬೇಕು.

ಸಿಪ್ಪೆ ಬಂದದ್ದು ಅಂಗೈಯಷ್ಟೇ ಇದ್ದರೂ ಇಡೀ ಬಾನೆಟ್‌ಗೆ ಕ್ಲಿಯರ್ ಹಾಕಿ. ನನ್ನ ಅನುಭವದಲ್ಲಿ ಇದೇ ಬಹಳ ಮುಖ್ಯ. ಹೊಸ ಕ್ಲಿಯರನ್ನು ನಡುವೆ ಎಲ್ಲೋ ತೆಳ್ಳಗೆ ಮಾಡಿ ನಿಲ್ಲಿಸಿದರೆ ಆ ತೆಳು ಅಂಚೇ ಮುಂದಿನ ಸಿಪ್ಪೆಯ ಶುರು. ಬಾನೆಟ್ ಆದರೆ ನಾಲ್ಕೂ ಕಡೆ ಮಡಿಕೆಯವರೆಗೆ. ಟಾಪ್ ಆದರೆ ಎರಡು ಬದಿಯ ಕಪ್ಪು ಪಟ್ಟಿ ಎತ್ತಿ ಅದರ ಕೆಳಗೆ ಮುಗಿಸಿ. ಹಾಗಾಗಿ ಗಟ್ಟಿ ಇರುವ ಉಳಿದ ಕ್ಲಿಯರನ್ನೂ 1000 ಪೇಪರಿನಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕು. ಮೂಲೆ, ಮಡಿಕೆಗಳಿಗೆ ಬೂದು ಪ್ಯಾಡ್. ಒಂದು ಹೊಳೆಯುವ ಚುಕ್ಕೆ ಉಳಿದರೂ ಅಲ್ಲಿ ಹಿಡಿತ ಇಲ್ಲ. ಹಿಂದಿನ ಚಕ್ರದ ಮೇಲಿನ ಭಾಗ ಟಾಪ್‌ವರೆಗೂ ಒಂದೇ ತಗಡಾಗಿರುತ್ತದೆ, ನಿಲ್ಲಿಸಲು ಸಹಜ ಜಾಗವೇ ಇರುವುದಿಲ್ಲ. ಅದನ್ನು ಪಳಗಿದ ಪೇಂಟರ್‌ಗೇ ಬಿಡಿ.

ಪ್ರೈಮರ್

ತಗಡು ಕಂಡ ಜಾಗಕ್ಕೆ ಎಪಾಕ್ಸಿ ಪ್ರೈಮರ್. ಉಜ್ಜಿದ ಅಂಚುಗಳ ಮೇಲೆಲ್ಲಾ ಸ್ವಲ್ಪ ಆಚೆಗೂ ಬರುವ ಹಾಗೆ ಸರ್ಫೇಸರ್ ಪ್ರೈಮರ್ (ಗೀರು, ತಗ್ಗು ತುಂಬುವ ಬಗೆ) ಎರಡು ತೆಳು ಕೋಟ್. ಅಂಚು ಮುಚ್ಚದೆ ನೇರ ಬಣ್ಣ ಹೊಡೆದರೆ ಥಿನ್ನರ್ ಹಳೇ ಅಂಚಿಗೆ ಇಳಿದು ಅದನ್ನು ಉಬ್ಬಿಸುತ್ತದೆ. ಒಣಗಿದ ಮೇಲೆ ನಕ್ಷೆಯ ಗೆರೆಯ ಹಾಗೆ ಸುತ್ತು ಕಾಣುತ್ತದೆ. 2ಕೆ ಪ್ರೈಮರ್ ಆದರೆ ಅದರಲ್ಲೂ ಅದೇ ಹಾರ್ಡ್‌ನರ್ ಇದೆ, ಮೇಲೆ ಹೇಳಿದ ಎಚ್ಚರ ಇದಕ್ಕೂ ಸೇರುತ್ತದೆ. ಮನೆಯಲ್ಲಿ ಮಾಡುವುದಾದರೆ ಹಾರ್ಡ್‌ನರ್ ಇಲ್ಲದ ಸ್ಪ್ರೇ ಪ್ರೈಮರ್ ತನ್ನಿ, ಆದರೆ ಪೂರ್ತಿ ಒಂದು ದಿನ ಆರಲು ಬಿಡಿ. ಎಪಾಕ್ಸಿಯನ್ನೂ ಪೇಂಟರ್ ಹೊಡೆದರೆ ಒಳ್ಳೆಯದು.

ಒಣಗಿದ ಪ್ರೈಮರ್ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಹಾಗೇ ಸುಮ್ನೆ ಚಿಮುಕಿಸಿ. 800ರಲ್ಲಿ ಬ್ಲಾಕ್ ಹಿಡಿದು ಉಜ್ಜಿ. ಕಪ್ಪು ಚುಕ್ಕೆ ಉಳಿದ ಕಡೆ ತಗ್ಗಿದೆ. ಎಲ್ಲಾ ಕಪ್ಪು ಒಟ್ಟಿಗೆ ಹೋದರೆ ಸಪಾಟಾಗಿದೆ.

ಬಣ್ಣ

ಬರೀ ಕ್ಲಿಯರ್ ಹೋಗಿ ಬಣ್ಣ ಉಳಿದಿದ್ದರೆ ನೇರ ಕ್ಲಿಯರ್ ಹೊಡೆದರೆ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ತೆರೆದುಕೊಂಡ ಬಣ್ಣ ಬಿಸಿಲಿಗೆ ಸತ್ತು ಪುಡಿಯಾಗಿರುತ್ತದೆ. ಮೆಟಾಲಿಕ್ ಬಣ್ಣದಲ್ಲಿ ಉಜ್ಜಿದ ಗೀರು ಬೆಳ್ಳಿ ಕಣಗಳನ್ನು ಕೆದರಿರುತ್ತದೆ. ಕ್ಲಿಯರ್ ಬಿದ್ದ ಕೂಡಲೇ ಒಂದೊಂದು ಗೀರೂ ಭೂತಗನ್ನಡಿಯಲ್ಲಿ ಇಟ್ಟ ಹಾಗೆ ಕಾಣುತ್ತದೆ.

ಮಾಸ್ಕಿಂಗ್ ಮಾಡಿ. ಗಾಜು, ವೈಪರ್, ಚಕ್ರ ಎಲ್ಲಾ ಮುಚ್ಚಿ. ನೆಲಕ್ಕೆ ನೀರು ಚಿಮುಕಿಸಿದರೆ ದೂಳು ಏಳುವುದಿಲ್ಲ. ಗ್ರೀಸ್ ರಿಮೂವರ್ ಮತ್ತೊಮ್ಮೆ, ಆಮೇಲೆ ಟ್ಯಾಕ್ ಬಟ್ಟೆ ಹಗುರಾಗಿ. ಕಂಪ್ರೆಸರ್ ಇದ್ದರೆ ಶುರು ಮಾಡುವ ಮುಂಚೆ ಟ್ಯಾಂಕಿನ ತಳದ ನೀರು ಬಿಡಿ. ನಮ್ಮ ಕಡೆ ಅದರಲ್ಲಿ ನೀರು ಬೇಗ ತುಂಬುತ್ತದೆ. ಗಾಳಿ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು.

ಬೇಸ್ ಕೋಟ್ ಸೋಸಿ ಹಾಕಿ. 15ರಿಂದ 20 ಸೆಂಟಿಮೀಟರ್ ದೂರ ಹಿಡಿಯಿರಿ. ಕೈ ನೇರ ಸಾಗಬೇಕು, ಮಣಿಕಟ್ಟು ತಿರುಗಬಾರದು. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ. ಗನ್ನಿನ ಗುಂಡಿಯನ್ನು ತಗಡಿನ ಹೊರಗೆ ಒತ್ತಿ, ಹೊರಗೇ ಬಿಡಿ. ಎರಡು ಮೂರು ತೆಳು ಕೋಟ್ ಸಾಕು. ಪ್ರತಿ ಕೋಟಿಗೆ 10ರಿಂದ 15 ನಿಮಿಷ ಬಿಡಿ, ಒದ್ದೆ ಹೊಳಪು ಹೋಗಿ ಮಂಕಾಗಬೇಕು. ಮೆಟಾಲಿಕ್ ಆದರೆ ಕೊನೆಯದನ್ನು ಸ್ವಲ್ಪ ದೂರದಿಂದ ಹಗುರಾಗಿ ಎರಚಿ. ಬೆಳ್ಳಿ ಕಣಗಳು ಸಮನಾಗಿ ಕೂರುತ್ತವೆ, ಪಟ್ಟಿ ಬೀಳುವುದಿಲ್ಲ. ಬಣ್ಣ ಒಣಗಿದಾಗ ಹೊಳಪಿಲ್ಲದೆ ಸಪ್ಪಗೆ ಕಾಣುತ್ತದೆ. ಅದೇ ಸರಿ.

ಬಣ್ಣ ಹಾಕಿದ ಮೇಲೆ ಕ್ಲಿಯರ್ ಬೀಳಲು ಒಂದು ಗಡುವು ಇರುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತಾರೆ, ಹೆಚ್ಚಿನವಕ್ಕೆ ಅದೇ ದಿನದೊಳಗೆ. ತಡವಾದರೆ ಹಿಡಿತ ಕಡಿಮೆಯಾಗುತ್ತದೆ. ಆದ್ದರಿಂದ ಕ್ಲಿಯರನ್ನು ಬೂತಿನಲ್ಲಿ ಮಾಡಿಸುವವರು ಬಣ್ಣವನ್ನೂ ಅಲ್ಲೇ ಹೊಡೆಸುವುದು ಜಾಣತನ. ಪ್ರೈಮರ್ ಉಜ್ಜಿದ ಬಾನೆಟನ್ನು ಕೊಟ್ಟುಬಿಡಿ.

ಕ್ಲಿಯರ್

ಬೂತಿನವರಿಗೆ ಕೊಟ್ಟರೂ ಕ್ರಮ ನಿಮಗೆ ಗೊತ್ತಿರಲಿ. ಹತ್ತಿರ ನಿಂತು ನೋಡುವುದಲ್ಲ, ಮುಂಚೆಯೇ ಕೇಳಿಕೊಳ್ಳುವುದಕ್ಕೆ.

ಹಾರ್ಡ್‌ನರ್ ಅಳತೆ ಡಬ್ಬಿಯ ಮೇಲಿದ್ದ ಹಾಗೇ ಇರಬೇಕು. ಎರಡಕ್ಕೆ ಒಂದು, ನಾಲ್ಕಕ್ಕೆ ಒಂದು, ಹೀಗೆ ಬೇರೆ ಬೇರೆ ಇರುತ್ತದೆ. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಕ್ಲಿಯರ್ ಪೆಡಸಾಗುತ್ತದೆ. ಹಾರ್ಡ್‌ನರ್ ಡಬ್ಬಿಗೆ ಗಾಳಿಯ ತೇವ ತಾಗಿದರೆ ಕೆಡುತ್ತದೆ. ಬಳಸಿದ ಕೂಡಲೇ ಮುಚ್ಚಬೇಕು. ಮಬ್ಬಾಗಿದ್ದರೆ, ಹರಳು ಕಟ್ಟಿದ್ದರೆ ಎಸೆಯಬೇಕು. ಹಳೇ ಅರ್ಧ ಡಬ್ಬಿಯನ್ನು ನಿಮ್ಮ ಕಾರಿಗೆ ಹಾಕಲು ಬಿಡಬೇಡಿ.

ಮೊದಲ ಕೋಟ್ ತೆಳ್ಳಗೆ. 10 ನಿಮಿಷ ಬಿಟ್ಟು ಮಾಸ್ಕಿಂಗ್ ಟೇಪಿನ ಮೇಲೆ ಬಿದ್ದ ಕ್ಲಿಯರನ್ನು ಬೆರಳಲ್ಲಿ ಮುಟ್ಟಿ ನೋಡಬೇಕು, ತಗಡನ್ನಲ್ಲ. ಬೆಲ್ಲದ ಪಾಕದ ಹಾಗೆ ಎಳೆ ಬಂದರೆ ಇನ್ನೂ ಕಾಯಬೇಕು. ಗುರುತು ಬಿದ್ದು ಎಳೆ ಬರದಿದ್ದರೆ ಹದ ಬಂದಿದೆ. ಎರಡನೆಯ ಕೋಟ್ ತುಂಬು ಒದ್ದೆಯಾಗಿ. ಎರಡೇ ಸಾಕು, ಮೂರನೆಯದು ಇಳಿಜಾರಿನಲ್ಲಿ ಸೋರುತ್ತದೆ. ಕೂತ ಸೊಳ್ಳೆಯನ್ನು ಹಸಿ ಇದ್ದಾಗ ತೆಗೆಯಲು ಹೋಗಬಾರದು. ಒಣಗಿದ ಮೇಲೆ ಉಜ್ಜಿದರೆ ಹೋಗುತ್ತದೆ.

ಸ್ಪ್ರೇ ಕ್ಯಾನಿನಲ್ಲಿ ಸಣ್ಣ ಜಾಗ ಮಾಡುವವರಿಗೂ ಇದೇ ಕ್ರಮ. ಹಾರ್ಡ್‌ನರ್ ಇಲ್ಲದ ಕ್ಲಿಯರ್ ಪೆಟ್ರೋಲ್ ತಾಗಿದರೆ ಕರಗುತ್ತದೆ. ಟ್ಯಾಂಕ್ ಮುಚ್ಚಳದ ಸುತ್ತ ಅದನ್ನು ಹಾಕಬೇಡಿ.

ಒಣಗಿದ ಮೇಲೆ

ಬೂತಿನಲ್ಲಿ ಕಾಯಿಸದಿದ್ದರೆ ಒಂದು ವಾರ ಪೂರ್ತಿ ಬಿಡಿ. ರಾತ್ರಿ ಇಬ್ಬನಿಗೆ ನಿಲ್ಲಿಸಬೇಡಿ. ಆಮೇಲೆ ದೂಳಿನ ಚುಕ್ಕೆ, ಕಿತ್ತಳೆ ಸಿಪ್ಪೆಯಂಥ ಒರಟು ಇದ್ದರೆ ಮಾತ್ರ 1500, ನಂತರ 2000 ನಂಬರಿನಲ್ಲಿ ನೀರು ಹಾಕಿ ಹಗುರಾಗಿ ಉಜ್ಜಿ, ಕಾಂಪೌಂಡ್ ಮತ್ತು ಪಾಲಿಶ್ ಹಾಕಿ. ಅಂಚು, ಮಡಿಕೆಗಳ ಮೇಲೆ ಉಜ್ಜಬೇಡಿ. ಕ್ಲಿಯರ್ ಅಲ್ಲಿ ಸಹಜವಾಗಿಯೇ ತೆಳು.

ವ್ಯಾಕ್ಸ್ ಕನಿಷ್ಠ ಒಂದು ತಿಂಗಳು ಬೇಡ. ಒಳಗಿನ ಥಿನ್ನರ್ ಪೂರ್ತಿ ಹೊರಗೆ ಬರಬೇಕು. ಆ ತಿಂಗಳಲ್ಲಿ ಹಬ್ಬ ಬಂದರೆ ಅರಿಶಿನ, ಕುಂಕುಮವನ್ನು ಬಾನೆಟ್ ಮೇಲೆ ಹಚ್ಚಬೇಡಿ, ಎಳೇ ಕ್ಲಿಯರ್ ಆ ಬಣ್ಣ ಹೀರಿಕೊಳ್ಳುತ್ತದೆ. ನಂಬರ್ ಪ್ಲೇಟಿಗೆ ಹಚ್ಚಿ, ಹೂವನ್ನೂ ಅಲ್ಲೇ ಮುಡಿಸಿ.

ಮಳೆಗಾಲ ಎದುರಿಗೇ ಇದ್ದರೆ

ಮೇ ಕೊನೆಯಲ್ಲಿ ಸಿಪ್ಪೆ ಕಂಡರೆ ಗಾಬರಿಯಾಗಬೇಡಿ. ಕ್ಲಿಯರ್ ಎದ್ದ ಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲ, ಕೆಳಗೆ ಪ್ರೈಮರ್ ಇನ್ನೂ ಇದೆ. ತಗಡು ಕಂಡ ಚುಕ್ಕೆಗೆ ಮಾತ್ರ ಪ್ರೈಮರ್ ತಾಗಿಸಿಡಿ. ಪ್ರೆಷರ್ ವಾಷರ್‌ನ ನೀರನ್ನು ಅಂಚಿಗೆ ಹಿಡಿಯಬೇಡಿ, ಅದು ಸಿಪ್ಪೆಯ ಅಡಿಗೇ ನುಗ್ಗುತ್ತದೆ. ಉಗುರಿನಲ್ಲಿ ಕೀಳಬೇಡಿ. ಮಕ್ಕಳಿಗೂ ಹೇಳಿ, ಅವರಿಗೆ ಅದನ್ನು ಕೀಳುವ ಆಸೆ ಜಾಸ್ತಿ. ಮೈಗೆ ಅಂಟಿಕೊಳ್ಳುವ ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಬೇಡಿ. ಅಡಿಯಲ್ಲಿ ನೀರಿನ ಪಸೆ ಸಿಕ್ಕಿಕೊಂಡು ಇನ್ನಷ್ಟು ಏಳುತ್ತದೆ. ಸೋಗೆಯದೋ ತಗಡಿನದೋ ಒಂದು ಮಾಡು ಇದ್ದರೆ, ನಾಲ್ಕೂ ಕಡೆ ಗಾಳಿಯಾಡುವ ಹಾಗೆ ಅದರಡಿ ನಿಲ್ಲಿಸಿ.

ನಮ್ಮ ಕಾರಿನ ಬಾನೆಟ್ ಎರಡನೇ ಸಲ ಫೆಬ್ರುವರಿಯಲ್ಲಿ ಮಾಡಿದ್ದು. ಅದಾಗಿ ಮೂರು ಮಳೆಗಾಲ ಕಳೆದಿದೆ. ಪ್ರತಿ ಅಕ್ಟೋಬರಿನಲ್ಲಿ ಅಪ್ಪಯ್ಯ ಒಂದು ತುಂಡು ಟೇಪ್ ತೆಗೆದುಕೊಂಡು ಬಂದು, ಹಳೇ ಗಡಿ ಇದ್ದ ಜಾಗಕ್ಕೆ ಅಂಟಿಸಿ ಎಳೆದು ನೋಡುತ್ತಾರೆ. ಇಲ್ಲಿಯವರೆಗೆ ಟೇಪ್ ಬರಿದಾಗಿಯೇ ಬಂದಿದೆ. ಹಲಸಿನ ಮರದಡಿ ಮಾತ್ರ ಈಗ ಕಾರು ನಿಲ್ಲಿಸುವುದಿಲ್ಲ.